ಜೋಡಿ ಮೇಷ್ಟ್ರ ಸರ್ವರ್

ಅಪ್ಪನಿಗೆ ಜೋಡಿ ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೂಟು ಹೊಲಿಸಲು ಬಂದವರು ಕುರ್ಚಿಯಲ್ಲಿ ಕೂತು ಕಾಲುಚೀಲ ಬಿಚ್ಚುವಷ್ಟರಲ್ಲಿ ಅವರ ಪಾಠ ಶುರುವಾಗುತ್ತಿತ್ತು. ಎಡಗಾಲಿನದಕ್ಕೆ ಒಂದು ಚರ್ಮ, ಬಲಗಾಲಿನದಕ್ಕೆ ಇನ್ನೊಂದು ಚರ್ಮ ಕತ್ತರಿಸುವವನು ಅವರ ಲೆಕ್ಕದಲ್ಲಿ ಬೂಟು ಮಾಡುವವನೇ ಅಲ್ಲ, ಕೈಗೆ ಕತ್ತರಿ ಸಿಕ್ಕಿದ ಕಿಡಿಗೇಡಿ. ಎರಡೂ ಒಂದೇ ಚರ್ಮದಿಂದ ಬರಬೇಕು, ಅದರಲ್ಲೂ ಬೆನ್ನಿನ ಗೆರೆಯ ಆಚೆ ಈಚೆ ಸರಿಸಮನಾದ ಜಾಗದಿಂದ ಬರಬೇಕು, ಒಂದೇ ಉಂಡೆಯ ದಾರದಲ್ಲಿ ಹೊಲಿದಿರಬೇಕು. ಹಾಗೆ ಮಾಡಿದ ಜೋಡಿ ಒಟ್ಟಿಗೇ ಮೆತ್ತಗಾಗುತ್ತದೆ, ಒಟ್ಟಿಗೇ ಸವೆಯುತ್ತದೆ, ಒಟ್ಟಿಗೇ ಕಣ್ಣು ಮುಚ್ಚುತ್ತದೆ. "ಒಂದು ಹರಿದು ಇನ್ನೊಂದು ಹೊಸದಾಗೇ ಇದೆ ಅಂದ್ರೆ, ಮಾಡಿದವನಿಗೆ ನಾಚಿಕೆ ಆಗ್ಬೇಕು," ಎನ್ನುತ್ತಿದ್ದರು. ಗಿರಾಕಿ ತಲೆಯಾಡಿಸುತ್ತಿದ್ದ. ಕಾಲು ಅವರ ಕೈಯಲ್ಲಿ ಸಿಕ್ಕಿಕೊಂಡಿರುವಾಗ ಬೇರೆ ಏನು ತಾನೇ ಮಾಡಲು ಸಾಧ್ಯ?

ಅಂಗಡಿ ದಾಟಿದರೆ ಅಡುಗೆಮನೆ, ಅದರ ಪಕ್ಕ ಬಚ್ಚಲು, ಬಚ್ಚಲಿನ ಎದುರಿಗೆ ಬೆಳಗಿನ ಬಿಸಿಲು ಬೀಳುವ ಒಂದು ಒಳ್ಳೆಯ ಕೋಣೆ. ಆ ಕೋಣೆಯಲ್ಲಿ ಮನುಷ್ಯರಿರಲಿಲ್ಲ, ಅವರ ಪಾದಗಳಿದ್ದವು. ಪಾದ ಎಂದರೆ ಮರದ ಅಚ್ಚು. ಗಿರಾಕಿಯ ಕಾಲು ಹೇಗಿದೆಯೋ ಹಾಗೇ ಕಡೆದು, ಅದರ ಮೇಲೆ ಚರ್ಮ ಎಳೆದು ಬೂಟು ಕಟ್ಟುವುದು. ಅಪ್ಪನ ಬಳಿ ಬರುತ್ತಿದ್ದವರು ಅಂಗಡಿಯ ಸಿದ್ಧ ಬೂಟು ಹಿಡಿಸದವರು. ಒಂದು ಪಾದ ಉದ್ದ ಒಂದು ಮೋಟು ಇದ್ದವರು, ಹೆಬ್ಬೆರಳಿನ ಬುಡ ಊದಿಕೊಂಡವರು, ಅಪಘಾತದಲ್ಲಿ ಹಿಮ್ಮಡಿಯ ಅರ್ಧ ಕಳೆದುಕೊಂಡವರು. ಒಬ್ಬೊಬ್ಬರದೂ ಒಂದೊಂದು ಜೊತೆ ಅಚ್ಚು, ನೆಲದಿಂದ ಸೂರಿನವರೆಗೆ. ಸತ್ತವರದೂ ಇದ್ದವು. ತೆಗೆದು ಹಾಕಿ ಎಂದರೆ, ಅವರ ಮಗನಿಗೂ ಅದೇ ಕಾಲು ಬಂದಿರಬಹುದು ಎನ್ನುತ್ತಿದ್ದರು.

ಮನುಷ್ಯರು ಮಲಗುತ್ತಿದ್ದದ್ದು ಬಚ್ಚಲಿಲ್ಲದ ಮಹಡಿಯಲ್ಲಿ. ಅಮ್ಮನ ಮಂಡಿಗಳು ಕೆಲವು ವರ್ಷಗಳಿಂದ ಕೈಕೊಟ್ಟಿದ್ದವು. ಬೆಳಿಗ್ಗೆ ಎದ್ದು ಕನ್ನಡಕ, ಮಾತ್ರೆ, ಫೋನು, ಬಾಚಣಿಗೆ ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ತುಂಬಿ ಕೊರಳಿಗೆ ಹಾಕಿಕೊಂಡು, "ಹೊರಟೆ ಕಣ್ರೀ, ತಲುಪಿದ ಮೇಲೆ ಫೋನ್ ಮಾಡ್ತೀನಿ," ಎಂದು ಗಂಡನಿಗೆ ಹೇಳಿ ಮೆಟ್ಟಿಲಿಳಿಯಲು ಶುರುಮಾಡುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ, ಕಂಬಿ ಹಿಡಿದು, ನಡುವೆ ಒಂದು ಕಡೆ ಕೂತು ಸುಧಾರಿಸಿಕೊಂಡು ಇಳಿದರೆ ಮತ್ತೆ ಹತ್ತುವುದು ರಾತ್ರಿಗೇ. ಏನಾದರೂ ಮೇಲೆ ಮರೆತಿದ್ದರೆ ಆ ದಿನ ಅದಿಲ್ಲದೆಯೇ ಕಳೆಯುತ್ತಿದ್ದಳು. ನೋವು ಹೆಚ್ಚಾಗಿದೆ ಎಂದು ಅವಳು ಹೇಳಿದಾಗಲೆಲ್ಲ ಅಪ್ಪ ಅವಳ ಬೂಟು ಬಿಚ್ಚಿಸಿ, ಅಟ್ಟೆಯ ಒಂದು ಬದಿಗೆ ಇನ್ನೊಂದು ತೆಳು ಪಟ್ಟಿ ಅಂಟಿಸಿ, ಈಗ ನಡೆದು ನೋಡು ಎನ್ನುತ್ತಿದ್ದರು. ಅವಳು ನಡೆದು ತೋರಿಸಿ, ಪರವಾಗಿಲ್ಲ ಎನ್ನುತ್ತಿದ್ದಳು.

ಇದನ್ನು ನೋಡಿ ನೋಡಿ ಸಾಕಾದದ್ದು ಮಗಳಿಗೆ. ಅವಳು ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆ ಇದ್ದಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ. ಅಮ್ಮನನ್ನು ಆ ಬಿಸಿಲಿನ ಕೋಣೆಗೆ ಇಳಿಸಲೇಬೇಕೆಂದು ಪಟ್ಟು ಹಿಡಿದು ಒಂದು ಭಾನುವಾರ ಬಂದು ಕೂತಳು. ಅವಳ ಯೋಜನೆ ಇಷ್ಟು: ಅಚ್ಚುಗಳನ್ನೆಲ್ಲ ಸ್ಕ್ಯಾನ್ ಮಾಡುವುದು, ಆ ವಿವರವನ್ನು ಒಂದು ಚಿಕ್ಕ ಲಿನಕ್ಸ್ ಸರ್ವರಿನಲ್ಲಿ, ಅಂದರೆ ಸದಾ ಚಾಲೂ ಇರುವ ಕಂಪ್ಯೂಟರಿನಲ್ಲಿ, ಇಡುವುದು, ಬೇಕಾದಾಗ ಯಂತ್ರದವರಿಗೆ ಕಳಿಸಿ ಹೊಸ ಅಚ್ಚು ಕಡೆಸಿಕೊಳ್ಳುವುದು, ಮರದವನ್ನೆಲ್ಲ ಕೊಟ್ಟುಬಿಡುವುದು. ಅಪ್ಪ ಬೇಡ ಅನ್ನಲಿಲ್ಲ. ಅನ್ನುತ್ತಾರೆಂದು ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಮಗಳಿಗೆ ನಿರಾಸೆಯೇ ಆಯಿತು.

"ಆಗಲಿ," ಎಂದರು ಅಪ್ಪ, "ಆದ್ರೆ ಹೋಗ್ಬಾರ್ದು. ಮರ ಹೋಗಲ್ಲ. ನಿನ್ನ ಡಿಸ್ಕ್ ಹೋಗುತ್ತಾ?"

"ಹೋಗುತ್ತೆ. ಅದಕ್ಕೇ ಒಂದಕ್ಕಿಂತ ಹೆಚ್ಚು ಹಾಕೋದು. ಒಂದು ಹೋದ್ರೂ ಕೆಲಸ ನಿಲ್ಲಬಾರ್ದು ಅಂತ. ಅದಕ್ಕೆ ರೇಡ್ ಅಂತಾರೆ. ಅದರಲ್ಲಿ ನಾಲ್ಕಾರು ಥರ ಇದೆ."

ನಾಲ್ಕಾರು ಥರ ಇದೆ ಎಂದು ಬಾಯಿಬಿಟ್ಟದ್ದೇ ಅವಳು ಮಾಡಿದ ತಪ್ಪು. ಒಂದೇ ಥರ ಇದೆ ಅಂದಿದ್ದರೆ ಆ ವಾರವೇ ಮುಗಿಯುತ್ತಿತ್ತು. ಅಪ್ಪ ಕನ್ನಡಕ ಏರಿಸಿ, ಹಾಗಾದ್ರೆ ಒಂದೊಂದಾಗಿ ಹೇಳು, ನೋಡಿ ಆರಿಸೋಣ ಎಂದರು. ಅಲ್ಲಿಂದ ಭಾನುವಾರಗಳು ಮೀನ ಮೇಷ ಎಣಿಸುವುದರಲ್ಲಿ ಕಳೆಯತೊಡಗಿದವು.

ಮೊದಲು ಅವಳು ಹೇಳಿದ್ದು ಪ್ಯಾರಿಟಿಯ ಕತೆ. ಮೂರು ಡಿಸ್ಕು. ಅಚ್ಚಿನ ವಿವರವನ್ನು ಎರಡರಲ್ಲಿ ಹಂಚಿ, ಮೂರನೆಯದರಲ್ಲಿ ಅವುಗಳ ಮೊತ್ತದ ಹಾಗೆ ಒಂದು ಲೆಕ್ಕ ಬರೆದಿಡುತ್ತದೆ; ಯಾವುದಾದರೂ ಒಂದು ಹೋದರೆ ಉಳಿದೆರಡನ್ನು ನೋಡಿ ಹೋದದ್ದೇನೆಂದು ಲೆಕ್ಕ ಹಾಕಿ ಮತ್ತೆ ಹುಟ್ಟಿಸುತ್ತದೆ.

ಅಪ್ಪ ಉಳಿ ಕೆಳಗಿಟ್ಟರು. "ಲೆಕ್ಕ ಹಾಕಿ ಕಾಲು ಹುಟ್ಟಿಸುತ್ತಾ? ಗಿರಾಕಿ ಬಂದು ಹೆಬ್ಬೆರಳು ಒತ್ತುತ್ತೆ ಅಂದ್ರೆ, ಲೆಕ್ಕದ ಪ್ರಕಾರ ಒತ್ತಬಾರ್ದಪ್ಪ ಅಂತ ನಾನು ಹೇಳ್ಬೇಕಾ?"

"ಅಪ್ಪ, ಅದು ಕೂದಲೆಳೆಯಷ್ಟೂ ತಪ್ಪದೆ ಹಾಗೇ ಬರುತ್ತೆ."

"ಬರಲಿ. ಆದ್ರೆ ಎಡಪಾದ ಒಂದರಲ್ಲಿ, ಹಿಮ್ಮಡಿ ಇನ್ನೊಂದರಲ್ಲಿ ಇಡೋ ಮನೆಯಲ್ಲಿ ನಂಗೆ ನಿದ್ದೆ ಬರಲ್ಲ."

ಮುಂದಿನ ಭಾನುವಾರ ನಾಲ್ಕು ಡಿಸ್ಕಿನ ಏರ್ಪಾಡು. ಎರಡು ಒಟ್ಟಿಗೆ ಹೋದರೂ ತಡೆದುಕೊಳ್ಳುತ್ತದೆ ಎಂದಳು. ನಾಲ್ಕು ಕಾಲಿನ ಗಿರಾಕಿ ಇನ್ನೂ ತಮ್ಮ ಅಂಗಡಿಗೆ ಬಂದಿಲ್ಲವೆಂದರು ಅಪ್ಪ. ಅದರ ಮುಂದಿನ ವಾರ ಅವಳು, ಸುಮ್ಮನೆ ಪಕ್ಕದಲ್ಲಿ ಕೂತಿದ್ದು ಬೇರೆಯವರು ಬಿದ್ದಾಗ ಮಾತ್ರ ಎದ್ದು ಕೆಲಸಕ್ಕೆ ಇಳಿಯುವ ಹೆಚ್ಚುವರಿ ಡಿಸ್ಕೂ ಇಟ್ಟುಕೊಳ್ಳಬಹುದೆಂದು ವಿವರಿಸಿದಳು. ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: "ಅಂದ್ರೆ ನಿಮ್ಮ ಚಿಕ್ಕಪ್ಪನ ಥರ?"

"ನನ್ನ ತಮ್ಮ ಯಾರು ಬಿದ್ದಾಗಲೂ ಎದ್ದಿಲ್ಲ," ಎಂದರು ಅಪ್ಪ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ಆ ವಾರವೂ ತೀರ್ಮಾನ ತೇಲಿಹೋಯಿತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಗಳಿಗೆ ಅನುಮಾನ ಬಂತು. ಅಪ್ಪನ ಪ್ರಶ್ನೆಗಳು ದಡ್ಡನ ಪ್ರಶ್ನೆಗಳಾಗಿರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಮೇಲಧಿಕಾರಿ ಕೂಡ ಅಷ್ಟು ಚೆನ್ನಾಗಿ ಕೊಕ್ಕೆ ಹಾಕುತ್ತಿರಲಿಲ್ಲ. ಡಿಸ್ಕ್ ಆರಿಸುವುದು ಮುಗಿಯುವ ತನಕ ಅಚ್ಚು ಅಲುಗಾಡಬೇಕಾಗಿಲ್ಲವೆಂಬುದು ಅವರಿಗೆ ಎಂದೋ ಹೊಳೆದಿತ್ತು. ಅವರು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಅನ್ನುವ ಹಾಗೂ ಇರಲಿಲ್ಲ, ಬೇಡವೆಂದರೂ ಹೀಗಾಗುತ್ತಿದೆ ಅನ್ನುವ ಹಾಗೂ ಇರಲಿಲ್ಲ. ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಹೆಚ್ಚು ಬಂದದ್ದು ಸಿಟ್ಟೇ.

ಕೊನೆಗೆ ಗಂಟು ಬಿಚ್ಚಿದವಳು ಅಮ್ಮ. ಒಂದು ಭಾನುವಾರ, "ನಿಮ್ಮ ಜೋಡಿ ಥರಾನೇ ಏನಾದ್ರೂ ಇದ್ರೆ ಅದನ್ನೇ ಹಾಕಿಸ್ಕೊಳ್ಳಿ, ತಲೆನೋವೇ ಬೇಡ," ಎಂದಳು.

ಇತ್ತು. ಮಿರರ್, ಅಂದರೆ ಕನ್ನಡಿ. ಎರಡು ಡಿಸ್ಕು, ಒಂದರಲ್ಲಿ ಬರೆದದ್ದೆಲ್ಲ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಒಬ್ಬಂಟಿಯಾಗಿಯೇ ಅಂಗಡಿ ನಡೆಸುತ್ತದೆ. ಅಪ್ಪನ ಮುಖ ಅರಳಿತು. "ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ, ಪುಟ್ಟಿ?" ಮೊದಲೇ ಹೇಳಿದ್ದರೆ ಅವರು ಬೇರೆ ಯಾವುದೋ ಕ್ಯಾತೆ ತೆಗೆಯುತ್ತಿದ್ದರೆಂಬುದು ಮಗಳಿಗೆ ಗೊತ್ತಿತ್ತು.

ಅವಳು ಬೇಕೆಂದೇ ಬೇರೆ ಬೇರೆ ಕಂಪನಿಯ ಎರಡು ಡಿಸ್ಕುಗಳಿಗೆ ಹೇಳಿಟ್ಟಳು. ಕಂಪ್ಯೂಟರ್ ಅಂಗಡಿ ಅಪ್ಪನ ಬೀದಿಯಲ್ಲೇ ಇದ್ದದ್ದರಿಂದ ತೆಗೆದುಕೊಂಡು ಬರುವ ಕೆಲಸ ಅವರ ಪಾಲಿಗೆ ಬಂತು. ಅಪ್ಪ ಹೋಗಿ ನೋಡುತ್ತಾರೆ: ಒಂದು ಡಬ್ಬಿ ನೀಲಿ, ಒಂದು ಕೆಂಪು, ಒಂದು ಸ್ವಲ್ಪ ದಪ್ಪ, ಒಂದು ತೆಳ್ಳಗೆ. ಮಗಳಿಗೆ ಯಾರೋ ಟೋಪಿ ಹಾಕುತ್ತಿದ್ದಾರೆಂದು ಅವರಿಗೆ ಖಾತ್ರಿಯಾಯಿತು. ಅಂಗಡಿಯವನು, ಮೇಡಂ ಹೀಗೇ ಬೇಕು ಅಂದಿದ್ದಾರೆ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ, ಕಪಾಟಿನ ಪೆಟ್ಟಿಗೆಯನ್ನೆಲ್ಲ ಇಳಿಸಿ, ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯ, ಅಕ್ಕಪಕ್ಕದ ನಂಬರಿನ ಎರಡನ್ನು ಹೆಕ್ಕಿ ತಂದರು. ಮಗಳ ಮುಂದೆ ಮೇಜಿನ ಮೇಲಿಟ್ಟು, "ಈಗ ನೋಡು ಜೋಡಿ ಅಂದ್ರೆ," ಎಂದರು.

ಅವಳು ಹಣೆ ಚಚ್ಚಿಕೊಂಡಳು. "ಅಪ್ಪ, ಬೇರೆ ಬೇರೆ ಹೇಳಿದ್ದು ಬೇಕಂತಲೇ."

"ಬೂಟಿನವನ ಮಗಳು ಅಂತ ಹೊರಗೆ ಹೇಳ್ಬೇಡ," ಎಂದರು ಅಪ್ಪ.

ವಿವರಿಸಬಹುದಿತ್ತು. ವಿವರಿಸಿದರೆ ಇನ್ನೂ ನಾಲ್ಕು ಭಾನುವಾರ ಹೋಗುತ್ತಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ ಅಮ್ಮನನ್ನು ನೋಡಿ ಮಗಳು ಹಲ್ಲು ಕಚ್ಚಿ ಅದೇ ಜೋಡಿಯನ್ನು ಹಾಕಿದಳು. ಹೇಗೂ ವಾರಕ್ಕೊಮ್ಮೆ ಎಲ್ಲದರ ಒಂದು ಪ್ರತಿ ತೆಗೆದು ತನ್ನ ಮನೆಯಲ್ಲಿ ಇಟ್ಟುಕೊಳ್ಳುವವಳಿದ್ದಳು. ಕನ್ನಡಿ ಹಿಡಿದ ಮಾತ್ರಕ್ಕೆ ಪ್ರತಿ ಇಟ್ಟ ಹಾಗಾಗುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೊಸದಾಗಿ ಬಂದವರಿಗೆ ಹೇಳಿಕೊಡುವವಳೇ ಅವಳು.

ಮುಂದಿನ ತಿಂಗಳುಗಳು ಚೆನ್ನಾಗಿ ಕಳೆದವು. ಅಪ್ಪ ಒಂದೊಂದೇ ಅಚ್ಚನ್ನು ಸ್ಕ್ಯಾನರಿನ ತಿರುಗುವ ತಟ್ಟೆಯ ಮೇಲಿಟ್ಟು, ಅದು ಸುತ್ತು ಬರುವುದನ್ನು ನೋಡುತ್ತ, ಆ ಕಾಲಿನವರ ಪುರಾಣ ಹೇಳುತ್ತಿದ್ದರು. ಸಂಜೆ ಅಂಗಡಿ ಮುಚ್ಚುವಾಗ ಸರ್ವರಿನ ಮೇಲೆ ಅಂಗೈಯಿಟ್ಟು ಬೆಚ್ಚಗಿದೆಯೇ ನೋಡುತ್ತಿದ್ದರು. ಆದರೆ ಸ್ಕ್ಯಾನ್ ಆದ ಅಚ್ಚು ಮತ್ತೆ ಅದೇ ಕಪಾಟಿನ ಅದೇ ಗೂಡಿಗೆ ಹೋಗಿ ಕೂರುತ್ತಿತ್ತು. ಯಾವಾಗ ಕೊಡೋದು ಎಂದರೆ, ಇರು, ಯಂತ್ರ ಸ್ವಲ್ಪ ಪಳಗಲಿ ಎನ್ನುತ್ತಿದ್ದರು. ಕೊನೆಗೆ ಎಲ್ಲವೂ ಮುಗಿದಾಗ ಬೇರೆ ನೆಪ ಸಿಗದೆ, ಬರುವ ತಿಂಗಳು ಖಂಡಿತ ಎಂದು ಒಪ್ಪಿಕೊಂಡರು. ಅಮ್ಮ ಕೋಣೆಯ ಕಿಟಕಿಗೆ ಪರದೆಯ ಬಟ್ಟೆಯನ್ನೂ ಆರಿಸಿಟ್ಟಳು.

ಆ ತಿಂಗಳು ಬರುವ ಮುನ್ನ ಒಂದು ಡಿಸ್ಕ್ ಸತ್ತಿತು. ಮಗಳ ಫೋನಿಗೆ ಸುದ್ದಿ ಬಂದಾಗ ಅವಳೇನೂ ಗಾಬರಿಯಾಗಲಿಲ್ಲ, ಒಂದು ಥರದಲ್ಲಿ ಖುಷಿಯೇ ಆಯಿತು. ಒಂದು ಹೋದರೂ ಅಂಗಡಿ ನಡೆಯುತ್ತದೆಂದು ಅಪ್ಪನಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದುಂಟೇ? ಹೊಸ ಡಿಸ್ಕ್ ಹಿಡಿದುಕೊಂಡು ಬಂದು, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, "ಈಗ ಉಳಿದಿರೋದು ತನ್ನಲ್ಲಿರೋದನ್ನೆಲ್ಲ ಇದಕ್ಕೆ ಹೇಳಿಕೊಡುತ್ತೆ, ನೋಡ್ತಾ ಇರಿ," ಎಂದಳು. ಅಪ್ಪ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಅರ್ಧ ಹೇಳಿಕೊಡುವಷ್ಟರಲ್ಲಿ ಉಳಿದದ್ದೂ ಗೊಟಕ್ ಎಂದಿತು.

ಅಪ್ಪ ಪರದೆಯಿಂದ ಮಗಳ ಕಡೆ ತಿರುಗಿದರು.

"ಏನೂ ಹೋಗಿಲ್ಲ ಅಪ್ಪ. ನಮ್ಮನೇಲಿ ಪೂರ್ತಿ ಪ್ರತಿ ಇದೆ," ಎಂದಳು ಮಗಳು. "ಇದು ಆಗಿದ್ದು ಯಾಕೆ ಗೊತ್ತಾ? ಒಂದೇ ಕಾರ್ಖಾನೇಲಿ, ಒಂದೇ ದಿನ, ಒಂದೇ ಥರ ಮಾಡಿದ್ದು. ಎರಡಕ್ಕೂ ಒಂದೇ ದೋಷ. ಒಂದೇ ಯಂತ್ರದಲ್ಲಿ ಒಂದೇ ಸಮ ದುಡಿದ್ವು. ಒಂದಕ್ಕೆ ಬಂದ ಕಾಲ ಇನ್ನೊಂದಕ್ಕೂ ಬಂತು."

"ಒಟ್ಟಿಗೇ ಸವೆದ್ವು," ಎಂದರು ಅಪ್ಪ.

"ಹೌದು."

"ಒಳ್ಳೆ ಜೋಡಿ ಅಂದ್ರೆ ಹಾಗೇ ಅಲ್ವಾ ಇರಬೇಕಾದ್ದು?" ಅವರ ದನಿಯಲ್ಲಿ ತುಂಟತನವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಜೀವಮಾನವಿಡೀ ಯಾವುದನ್ನು ಕಸುಬಿನ ಮರ್ಯಾದೆ ಎಂದು ನಂಬಿದ್ದರೋ ಅದೇ ಇಲ್ಲಿ ತಪ್ಪಾಗಿ ಕೂತಿತ್ತು.

"ಬೂಟಿಗೆ ಹಾಗೆ. ಇಲ್ಲಿ ಒಂದು ಕುಂಟೋವಾಗ ಇನ್ನೊಂದು ಗಟ್ಟಿಯಾಗಿರಬೇಕು. ಅದಕ್ಕೇ ಎರಡು ಇಡೋದು."

ಅಪ್ಪ ಎದ್ದು, ಸತ್ತ ಎರಡೂ ಡಿಸ್ಕುಗಳನ್ನು ಅಂಗೈಯಲ್ಲಿ ತೂಗಿ ನೋಡಿ ಮೇಜಿನ ಮೇಲಿಟ್ಟರು. ನಿನ್ನ ಮನೆಯಲ್ಲಿರುವ ಪ್ರತಿಯೂ ಡಿಸ್ಕೇ ತಾನೇ ಎಂದರು. ಮರ ಎಂದೂ ಹೀಗೆ ಮಾಡಿಲ್ಲವೆಂದರು. ಅಚ್ಚುಗಳು ಎಲ್ಲಿವೆಯೋ ಅಲ್ಲೇ ಇರಲಿ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಉಳಿ ಕೈಗೆತ್ತಿಕೊಂಡರು. ಮಗಳಿಗೆ ಅಳು ಒತ್ತರಿಸಿ ಬಂತು. ಸರ್ವರಿಗಾಗಿ ಅಲ್ಲ, ಒಂದು ಡಿಸ್ಕ್ ಆರಿಸುವ ನೆಪದಲ್ಲಿ ಅಮ್ಮನ ಇನ್ನೊಂದು ವರ್ಷ ಮೆಟ್ಟಿಲ ಮೇಲೆ ಕಳೆದುಹೋಗುತ್ತದೆಂದು.

ಅಮ್ಮ ವಾದಕ್ಕೆ ಇಳಿಯಲಿಲ್ಲ. ದೀಪ ಹಚ್ಚುವ ಹೊತ್ತಾಗಿತ್ತು. ಕೊರಳಿಗೆ ಚೀಲ ಹಾಕಿಕೊಂಡು, "ಬೇಗ ಹೊರಡ್ತೀನಿ, ಇವತ್ತು ಸ್ವಲ್ಪ ನಿಧಾನ," ಎಂದು ಕಂಬಿ ಹಿಡಿದಳು.

ಮಗಳು ಬೆನ್ನು ತಿರುಗಿಸಿದ್ದ ಅಪ್ಪನ ಹತ್ತಿರ ಹೋಗಿ, "ಸರಿ, ಅಚ್ಚು ಒಂದೂ ಎಸೀಬೇಡಿ," ಎಂದಳು. "ಎಲ್ಲ ಮಹಡಿ ಕೋಣೆಗೆ ಹಾಕೋಣ. ಮಂಚ ಕೆಳಗೆ ತರೋಣ. ನಿಮ್ಮ ಮರಾನೂ ಉಳಿಯುತ್ತೆ."

"ಏನು ಮಾತಾಡ್ತೀಯ," ಎಂದರು ಅಪ್ಪ, ಚರ್ಮದಿಂದ ಕಣ್ಣೆತ್ತದೆ. "ಬೇಕು ಅಂದಾಗೆಲ್ಲ ಆ ಮೆಟ್ಟಿಲು ಹತ್ತಿ ಇಳಿಯೋದು ಯಾರು?"

ನಾಲ್ಕನೆಯದೋ ಐದನೆಯದೋ ಮೆಟ್ಟಿಲಿನ ಮೇಲೆ ಸುಧಾರಿಸಿಕೊಳ್ಳಲು ಕೂತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು: "ಹೌದು ಪುಟ್ಟಿ, ಪಾಪ, ಅವರಿಗೆ ಕಷ್ಟ ಆಗುತ್ತೆ."

ಅದರಲ್ಲಿ ಕೊಂಕು ಹುಡುಕಿದರೂ ಸಿಗುತ್ತಿರಲಿಲ್ಲ. ಅಷ್ಟು ಮೆತ್ತಗೆ, ದಿನಾ ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳುವ ದನಿಯಲ್ಲೇ ಅಂದಳು. ಅಪ್ಪನ ಉಳಿ ನಿಂತಿತು. ಅವರು ತಿರುಗಿ ಮೆಟ್ಟಿಲ ಕಡೆ ನೋಡಿದರು. ಅಮ್ಮ ಆಗಲೇ ಮುಂದಿನ ಮೆಟ್ಟಿಲಿಗೆ ಕೈಯೂರಿ ಏಳುತ್ತಿದ್ದಳು. ಆಮೇಲೆ ಅಪ್ಪ ಮಗಳ ಮುಖ ನೋಡಲಿಲ್ಲ. ಅವಳು ಬ್ಯಾಗ್ ತೆಗೆದುಕೊಂಡು ಹೊರಡುವಾಗ ಹೋಗಿ ಬಾ ಎಂದೂ ಹೇಳಲಿಲ್ಲ.

ಮಾರನೆಯ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಪ್ಪ ಗೋಣಿಚೀಲಕ್ಕೆ ಅಚ್ಚು ತುಂಬಿ ಬೆನ್ನ ಮೇಲೆ ಹೊತ್ತು ಮೇಲೆ ಸಾಗಿಸುತ್ತಿದ್ದಾರೆಂದು ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು. ಕೂಲಿಯವರನ್ನು ಕರೆಸುತ್ತೇನೆಂದು ಮಗಳು ಹೇಳಿದರೆ, ಬೇಡವಂತೆ, ತಾವೇ ಹೊರುತ್ತಾರಂತೆ, ಮಧ್ಯೆ ಮಾತಾಡಿಸಿದರೆ ಸಿಟ್ಟು ಮಾಡುತ್ತಾರಂತೆ. ಮರುದಿನವೂ ಅದೇ. ಅದರ ಮರುದಿನ ಪಕ್ಕದ ಅಂಗಡಿಯವರಿಬ್ಬರು ಬಂದು ಮಂಚ ಇಳಿಸಿಕೊಟ್ಟರು. ಕಿಟಕಿಗೆ ಪರದೆ ಬಂತು. ಅಮ್ಮ ಆ ರಾತ್ರಿ ಮಗಳಿಗೆ ಫೋನ್ ಮಾಡಿ, ಬಚ್ಚಲಿಗೆ ಹೋಗಿ ಬಂದೆ ಎಂದಳು. ಏನಾಯ್ತು ಎಂದು ಮಗಳು ಗಾಬರಿಯಿಂದ ಕೇಳಿದಳು. ಏನಿಲ್ಲ, ಸುಮ್ಮನೆ ಹೋಗಿ ಬಂದೆ, ಇನ್ನೊಂದು ಸಲವೂ ಹೋಗಿ ಬರಬಹುದು ಎಂದು ಅಮ್ಮ ನಕ್ಕಳು.

ವಾರವೊಂದು ಕಳೆದ ಮೇಲೆ ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಅಪ್ಪನ ಫೋನು ಬಂತು. ಹಿಂದಿನಿಂದ ಗಿರಾಕಿಯ ಮಾತು ಕೇಳಿಸುತ್ತಿತ್ತು.

"ಪುಟ್ಟಿ, ಆ ಸರ್ವರ್ ಯಾವಾಗ ಸರಿ ಮಾಡ್ತೀಯ?"

"ಅದೇನು ಅಷ್ಟು ಅವಸರ?"

"ಬೆಳಗಿಂದ ಮೂರು ಸಲ ಮೇಲೆ ಹೋಗಿ ಬಂದೆ. ಎಡಗಾಲಿಂದು ತಂದ್ರೆ ಬಲಗಾಲಿಂದು ಅಲ್ಲೇ. ಪರದೆ ಮೇಲಾದ್ರೆ ಕೂತಲ್ಲೇ ನೋಡ್ಬಹುದಿತ್ತು."

"ಮಾಡೋಣ. ಯಾವ ಥರ ಹಾಕ್ಲಿ? ಮಿರರ್ರಾ, ಪ್ಯಾರಿಟಿನಾ? ನಾಲ್ಕು ಡಿಸ್ಕಿನದ್ದೂ ಇದೆ. ಪಕ್ಕದಲ್ಲಿ ಚಿಕ್ಕಪ್ಪನ್ನ ಕೂರಿಸ್ಲಾ?" ಅವಳು ಒಂದು ಕೈ ನೋಡಿಕೊಳ್ಳದೆ ಬಿಡುವವಳಲ್ಲ.

ಅಪ್ಪ ನಗಲಿಲ್ಲ. ಅಂಗಡಿಯ ಹೊರಗೆ ಬಂದಿರಬೇಕು, ಬೀದಿಯ ಸದ್ದು ಕೇಳಿಸಿತು. "ಎರಡೂ ಮಂಡಿ ಹಿಡ್ಕೊಂಡಿದೆ ಕಣೆ," ಎಂದರು ದನಿ ತಗ್ಗಿಸಿ. "ನಂಗೆ ಒಂದು ವಾರಕ್ಕೇ ಹೀಗಾಯ್ತು. ಅವಳು ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲ."

ಮಗಳಿಗೆ ತಮಾಷೆ ಮಾಡಲಾಗಲಿಲ್ಲ. "ಹೇಳ್ತಾನೇ ಇದ್ದಳು ಅಪ್ಪ."

ಯಾವುದೋ ಗಾಡಿ ಹೋದದ್ದು ಕೇಳಿಸಿತು, ಗಿರಾಕಿ ಒಳಗಿನಿಂದ ಕರೆದದ್ದೂ ಕೇಳಿಸಿತು. ಫೋನ್ ಇಟ್ಟುಬಿಟ್ಟರೇನೋ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅಪ್ಪ ಗಿರಾಕಿಗೆ, ಬಂದೆ ಇರಿ ಎಂದು ಕೂಗಿದರು.

"ಭಾನುವಾರ ಬಾ," ಎಂದರು. "ಡಿಸ್ಕ್ ನಿಂಗೆ ಸರಿ ಅನಿಸಿದ್ದು ತಗೊಂಡು ಬಾ. ನಾನು ಏನೂ ಕೇಳಲ್ಲ."